ಜೀನಿನ ಮೇಲೆ ಜೀನು, ಮತ್ತು ಒಂದು ‘ಒಡನೆ’

ಪ್ರಿಯರೇ,

ಜೀನಿನ ಮುಂದಿನ ‘ಟಾಟಾ ಪೆಟ್ಟಿಗೆ’ ಎಂಬ ಪುಟ್ಟ ಡಿಎನ್‌ಎ ತುಣುಕಿನ ಮೇಲೆ ಕೂತು, ಜೀನಿನ ಆರ್‌ಎನ್‌ಎ ನಕಲು ತೆಗೆಯಲು ನೆರವಾಗುವ ಟಾಟಾ ಬಂಧಕ ಪ್ರೋಟೀನು, ಅಂದರೆ ಟಿಬಿಪಿ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯದ ಆಯ್ಕೆ ಒಳ್ಳೆಯದು. ಟಿಬಿಪಿಯಲ್ಲಿ ಗ್ಲುಟಮಿನ್ ಎಂಬ ಅಮೈನೊ ಆಮ್ಲ ಸಾಲಾಗಿ ಎಷ್ಟು ಸಲ ಬರುತ್ತದೆ ಎಂಬ ಪ್ಯಾರಾ ಅಚ್ಚುಕಟ್ಟಾಗಿದೆ: ಸಾಮಾನ್ಯವಾಗಿ 25ರಿಂದ 40, 49 ಮುಟ್ಟಿದರೆ ಕಿರುಮೆದುಳು ಸವೆದು ನಡಿಗೆ ತಪ್ಪುವ ಕಾಯಿಲೆ, ನಡುವಿನ ಸಂಖ್ಯೆಗಳಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗಿಲ್ಲ. ಅಲ್ಲಿ ನಾನು ಪೆನ್ಸಿಲ್ ಊರಿಲ್ಲ. ನನ್ನನ್ನು ಕೆರಳಿಸಿದ್ದು ಎರಡು ವಾಕ್ಯ. ಅವನ್ನೇ ಹಿಡಿದು ಕೂರುತ್ತೇನೆ.

ಮೊದಲನೆಯದು: “ಟಿಬಿಪಿ ಎಂಬುದು ಜೀನಿನ ಸ್ವಿಚ್ಚು, ಅದು ಬಂದು ಕೂತೊಡನೆ ನಕಲು ಶುರುವಾಗುತ್ತದೆ.”

ಆ ‘ಒಡನೆ’ ಎಷ್ಟು ಕೆಲಸವನ್ನು ನುಂಗಿಹಾಕಿದೆ, ನೋಡಿ. ಪ್ರನಾಳದಲ್ಲಿ ಕಂಡ ಕ್ರಮವನ್ನೇ ತೆಗೆದುಕೊಳ್ಳೋಣ. ಟಿಬಿಪಿ ಕೂತ ಮೇಲೆ ಟಿಎಫ್‌2ಎ ಎಂಬ ಸಹಾಯಕ ಪ್ರೋಟೀನು (ಮುಂದೆ ಬರುವ ಟಿಎಫ್‌2 ಹೆಸರುಗಳೂ ಇಂಥವೇ) ಬಂದು ಅದನ್ನು ಗಟ್ಟಿಮಾಡಬೇಕು. ಟಿಎಫ್‌2ಬಿ ಬರಬೇಕು, ನಕಲು ತೆಗೆಯುವ ಕಿಣ್ವವಾದ ಪಾಲಿಮರೇಸ್ ಬಂದು ಅಂಟಿಕೊಳ್ಳಲು ಜಾಗ ಮಾಡಿಕೊಡುವುದು ಅದು. ಟಿಎಫ್‌2ಎಫ್ ಜೊತೆಗೂಡಿ ಪಾಲಿಮರೇಸ್ 2 ಬರಬೇಕು, ಹಿಂದೆಯೇ ಟಿಎಫ್‌2ಇ, ಟಿಎಫ್‌2ಎಚ್. ಇಷ್ಟಾದರೂ ಡಿಎನ್‌ಎಯ ಎರಡು ಎಳೆ ಇನ್ನೂ ಬಿಚ್ಚಿಕೊಂಡಿರುವುದಿಲ್ಲ. ಟಿಎಫ್‌2ಎಚ್‌ನ ಹತ್ತು ಘಟಕಗಳಲ್ಲಿ ಒಂದಾದ ಎಕ್ಸ್‌ಪಿಬಿ, ಕೋಶದ ಇಂಧನವಾದ ಎಟಿಪಿಯನ್ನು ಸುಟ್ಟು ಅವನ್ನು ಬಿಡಿಸುತ್ತದೆ. ಇನ್ನೊಂದು ಘಟಕ ಸಿಡಿಕೆ7, ಪಾಲಿಮರೇಸಿನ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಮನುಷ್ಯರಲ್ಲಿ ಆ ಬಾಲ ಏಳು ಅಮೈನೊ ಆಮ್ಲಗಳ ತುಣುಕು 52 ಸಲ ಮರುಕಳಿಸಿ ಆದದ್ದು. ಆಮೇಲೆ ಹೊರಟ ಪಾಲಿಮರೇಸು ಬಹಳಷ್ಟು ಜೀನುಗಳಲ್ಲಿ 20ರಿಂದ 60 ಅಕ್ಷರ ಸಾಗಿ ನಿಂತುಬಿಡುತ್ತದೆ; ಪಿ-ಟೆಫ್-ಬಿ ಎಂಬ ಕಿಣ್ವ ಬಂದು ಬಿಡಿಸಿದರೆ ಮಾತ್ರ ಮುಂದಕ್ಕೆ. ಇದರಲ್ಲಿ ನೀವು ಒತ್ತಿದ ಗುಂಡಿ ಯಾವುದು?

ಇನ್ನು ಸ್ವಿಚ್ಚು. ಸ್ವಿಚ್ಚು ಎಂದರೆ ಆಯ್ಕೆ: ಈ ದೀಪ ಹೊತ್ತಲಿ, ಆ ದೀಪ ಬೇಡ. ಟಿಬಿಪಿ ಆಯ್ಕೆ ಮಾಡುವುದಿಲ್ಲ. ಯಕೃತ್ತಿನ ಕೋಶದಲ್ಲೂ ನರಕೋಶದಲ್ಲೂ ಅದು ಒಂದೇ. ಪಾಲಿಮರೇಸ್ 1, 2, 3 ಮೂರಕ್ಕೂ ಅದು ಬೇಕು. ಯಾವ ಜೀನು, ಯಾವಾಗ ಎಂಬುದನ್ನು ತೀರ್ಮಾನಿಸುವುದು ದೂರದ ಡಿಎನ್‌ಎ ತಾಣಗಳಲ್ಲಿ ಕೂತು ಮೀಡಿಯೇಟರ್ ಎಂಬ ಮಧ್ಯಸ್ಥ ಪ್ರೋಟೀನು ಕೂಟವನ್ನು ಕರೆತರುವ ಬೇರೆ ಪ್ರೋಟೀನುಗಳು. ಮೇಲಾಗಿ ಟಿಬಿಪಿ ಕೂತದ್ದೇ ಖಾಯಂ ಅಲ್ಲ: ಬಿಟಿಎಎಫ್1 ಎಂಬ ಪ್ರೋಟೀನು ಎಟಿಪಿ ಖರ್ಚುಮಾಡಿ ಅದನ್ನು ಎಬ್ಬಿಸಿ ಕಳಿಸುತ್ತದೆ. ಉಪಮೆ ಬೇಕೇ ಬೇಕೆಂದರೆ ಪಾಯ ತೋಡುವ ಮುನ್ನ ದಾರ ಕಟ್ಟಲು ಹೊಡೆಯುವ ಗೂಟ ಎನ್ನಿ. ಎಲ್ಲಿಂದ ಅಳೆಯಬೇಕು ಎಂದು ಗೂಟ ಹೇಳುತ್ತದೆ, ಮನೆ ಕಟ್ಟುವುದಿಲ್ಲ.

ಎರಡನೆಯದು: “ಟಾಟಾ ಪೆಟ್ಟಿಗೆಯನ್ನು ಹುಡುಕಿ, ಅದು ಜೀನಿನ ಮೇಲೆ ಜೀನಿನಂತೆ ಕೂರುತ್ತದೆ.”

ಗಟ್ಟಿಯಾಗಿ ಓದಿಕೊಂಡಿದ್ದರೆ ನಿಮಗೇ ನಗು ಬರುತ್ತಿತ್ತು. ವಂಶವಾಹಿಯೂ ಜೀನು, ಕುದುರೆಯ ಬೆನ್ನಿಗೆ ಕಟ್ಟುವುದೂ ಜೀನು. ಕುದುರೆಗೆ ‘ತಡಿ’ ಎಂಬ ಮಾತಿದೆ, ಅದನ್ನು ಬಳಸಿ. (ಟಾಟಾ ಎಂದರೆ ಟಿ, ಎ, ಟಿ, ಎ ಅಕ್ಷರಗಳು ಎಂದೂ ಒಮ್ಮೆ ಹೇಳಿಬಿಡಿ, ಕೈಬೀಸಿ ಬೀಳ್ಕೊಡುವ ಟಾಟಾ ಎಂದುಕೊಳ್ಳುವವರಿದ್ದಾರೆ.)

ಪದದ ಎಡವಟ್ಟು ಸಣ್ಣದು. ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ನನ್ನ ಹಿರಿಯರು ಪ್ರತಿ ಉಪಮೆಯ ಪಕ್ಕ ‘ಎಲ್ಲಿಯವರೆಗೆ?’ ಎಂದು ಬರೆಯುತ್ತಿದ್ದರು. ಉತ್ತರ ಬರೆಯದೆ ಪುಟ ಮುಂದೆ ಹೋಗುತ್ತಿರಲಿಲ್ಲ. ನಿಮ್ಮ ತಡಿಗೂ ಅದೇ ಪ್ರಶ್ನೆ. 1992ರಲ್ಲಿ ಟಿಬಿಪಿಯೊಂದರದೇ ಹರಳಿನ ರಚನೆ ತಿಳಿದಾಗ ತಡಿ ಎಂಬ ಹೋಲಿಕೆ ಚೆನ್ನಾಗಿಯೇ ಒಪ್ಪಿತ್ತು. 1993ರಲ್ಲಿ ಡಿಎನ್‌ಎ ಸಮೇತ ರಚನೆ ಸಿಕ್ಕಿತು. ನೋಡಿದರೆ ಕುದುರೆಯ ಬೆನ್ನೇ ಬಾಗಿತ್ತು, ಸುಮಾರು 80 ಡಿಗ್ರಿ. ನಿಮ್ಮ ವಾಕ್ಯ 1992ರಲ್ಲೇ ನಿಂತಿದೆ.

ಬಾಗುವುದು ಹೇಗೆಂದು ಬರೆಯಿರಿ, ಲೇಖನದ ಜೀವ ಅಲ್ಲಿದೆ. ತಡಿಯ ಒಳಮೈ ಡಿಎನ್‌ಎಯ ಕಿರಿದಾದ ತೋಡಿಗೆ ಒತ್ತಿಕೊಳ್ಳುತ್ತದೆ. ಎಂಟು ಜೋಡಿ ಅಕ್ಷರಗಳ ಆ ಪೆಟ್ಟಿಗೆಯ ಎರಡೂ ತುದಿಗಳಲ್ಲಿ ಎರಡೆರಡು ಫಿನೈಲ್‌ಅಲನೀನ್‌ಗಳು ಬೆಣೆಯಂತೆ ತೂರುತ್ತವೆ. ತೋಡು ಅಗಲವಾಗಿ, ಡಿಎನ್‌ಎ ಪ್ರೋಟೀನಿನಿಂದ ಆಚೆಗೆ ಮಣಿಯುತ್ತದೆ. ಟಿ-ಎ ಅಕ್ಷರಗಳೇ ಯಾಕೆ? ಅವು ಸುಲಭವಾಗಿ ಮಣಿಯುತ್ತವೆ. ಜೊತೆಗೆ, ಗ್ವಾನೀನ್ ಇದ್ದರೆ ಅದರ ಅಮೈನೊ ಗುಂಪು ಕಿರಿ ತೋಡಿನೊಳಕ್ಕೆ ಚಾಚಿ ಅಡ್ಡ ಬರುತ್ತದೆ. ಇಷ್ಟೆಲ್ಲ ಮಾಡುವುದು 339 ಅಮೈನೊ ಆಮ್ಲಗಳ ಪ್ರೋಟೀನಿನ ಕೊನೆಯ ಸುಮಾರು 180 ಮಾತ್ರ. ತಡಿಯ ಎರಡು ಬದಿಗೆ ಸವಾರ ಕಾಲಿಡುವ ರಿಕಾಪಿನಂಥ ಸುರುಳಿಗಳೂ ಇವೆ. ಒಂದನ್ನು ಟಿಎಫ್‌2ಎ ಹಿಡಿಯುತ್ತದೆ, ಇನ್ನೊಂದನ್ನು ಟಿಎಫ್‌2ಬಿ. ಉಪಮೆ ನಿಜವಾಗಿ ದುಡಿಯುವ ಜಾಗ ಅದು. ನೀವು ಅದನ್ನೇ ಬಿಟ್ಟಿದ್ದೀರಿ.

“ಹುಡುಕಿ” ಎಂಬುದೂ ನಿಲ್ಲುವುದಿಲ್ಲ. ಮನುಷ್ಯರ ಬಹುಪಾಲು ಜೀನುಗಳ ಮುಂದೆ ಟಾಟಾ ಪೆಟ್ಟಿಗೆಯೇ ಇಲ್ಲ, ಟಿಬಿಪಿ ಮಾತ್ರ ಅಲ್ಲೂ ಬೇಕು. ಟ್ಯಾಫ್ ಎಂಬ 13 ಜೊತೆಗಾರ ಪ್ರೋಟೀನುಗಳೊಡನೆ ಟಿಎಫ್‌2ಡಿ ಎಂಬ ಕೂಟವಾಗಿ ಬರುತ್ತದೆ. ಜಾಗ ಗುರುತಿಸುವ ಕೆಲಸದಲ್ಲಿ ಟ್ಯಾಫ್‌ಗಳದ್ದು ದೊಡ್ಡ ಪಾಲು, ಮತ್ತು ಟಿಬಿಪಿ ಇಳಿಯುವುದು ನಕಲು ಶುರುವಾಗುವ ಅಕ್ಷರಕ್ಕಿಂತ ಸುಮಾರು 30 ಅಕ್ಷರ ಹಿಂದೆ. ಹಾಗೆ ಇಳಿಯುವವರೆಗೆ ಟ್ಯಾಫ್1ರ ಒಂದು ತುಂಡು ಡಿಎನ್‌ಎ ಕೂರಬೇಕಾದ ಒಳಮೈಯನ್ನೇ ಮುಚ್ಚಿಕೊಂಡಿರುತ್ತದೆ.

ತಿದ್ದಿ ಕಳಿಸಿ. ಜೊತೆಗೆ ಒಂದು ಚಿತ್ರವಿರಲಿ, ಬದಿಯಿಂದ ಬರೆದದ್ದು. ನೀವು ಕಳಿಸಿದ್ದು ತಡಿಯನ್ನು ಮೇಲಿನಿಂದ ನೋಡಿದಂತಿದೆ. ಹಾಗೆ ನೋಡಿದರೆ ಬಾಗು ಕಾಣುವುದಿಲ್ಲ.