ಲಗ್ನಪತ್ರಿಕೆ ಹಂಚಿದ ಹಾಗೆ ಮೇಲ್ ಹಂಚಬೇಡಿ

ನೀವು ಬರೆದಿರೋದು ಇಷ್ಟು: ಬಿಎಸ್ಸಿ ಎರಡನೇ ವರ್ಷ, ತಾಲ್ಲೂಕಿನ ಸರ್ಕಾರಿ ಕಾಲೇಜು, ಸಿಜಿಪಿಎ 7.4. ಅರವತ್ತು ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದ್ದೀರಿ, ಒಬ್ಬರೂ ಉತ್ತರ ಕೊಟ್ಟಿಲ್ಲ. ಡಿಗ್ರಿಯಲ್ಲಿರುವಾಗಲೇ ಫಿಸಿಕ್ಸ್ ರಿಸರ್ಚ್‌ಗೆ ಇಳಿಯೋದು ಹೇಗೆ, ಕಾಲೇಜಿನಲ್ಲಿ ಲ್ಯಾಬ್ ಸರಿಯಿಲ್ಲದಿದ್ದರೆ ಏನು ಮಾಡೋದು, ಬೆಂಗಳೂರಿಗೆ ಕಳಿಸಲು ಒಪ್ಪದ ಮನೆಯವರಿಗೆ ಏನು ಹೇಳೋದು ಅಂತ ಕೇಳಿದ್ದೀರಿ.

ಮೊದಲು ಆ ಅರವತ್ತು ಮೇಲ್ ವಿಷಯಕ್ಕೆ ಬರ್ತೀನಿ. ನಾನೂ ಅದೇ ಕೆಲಸ ಮಾಡಿದ್ದೆ. ಲಗ್ನಪತ್ರಿಕೆ ಹಂಚಿದ ಹಾಗೆ ಒಂದೇ ಮೇಲನ್ನು ಎಲ್ಲರಿಗೂ ಹಂಚಿದ್ದೆ. 'ನನಗೆ ಚಿಕ್ಕಂದಿನಿಂದಲೂ ಬ್ರಹ್ಮಾಂಡದ ಬಗ್ಗೆ ಕುತೂಹಲ' ಅಂತ ಶುರು. ಕೊನೆಯಲ್ಲಿ ಎರಡು ಪುಟದ ಬಯೋಡೇಟಾ, ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕದಿಂದ ಹಿಡಿದು ಥ್ರೋಬಾಲ್ ಸರ್ಟಿಫಿಕೇಟ್‌ವರೆಗೆ ಎಲ್ಲವೂ ಇತ್ತು. ಮೇಡಂ ಒಬ್ಬರಿಗೂ 'ಡಿಯರ್ ಸರ್' ಅಂತಲೇ ಹೋಗಿತ್ತು. ಬಂದ ಉತ್ತರ ಒಂದೇ, ಆ ಮೇಡಂ ಬರೆದಿದ್ದು. 'ನಾನು ಸರ್ ಅಲ್ಲ. ನೀನು ನನ್ನ ಒಂದು ಪೇಪರ್ ಆದರೂ ತೆರೆದು ನೋಡಿದ್ದೀಯಾ?' ಅಷ್ಟೇ. ನಾಚಿಕೆಯಿಂದ ಎರಡು ದಿನ ಮೇಲ್ ಬಾಕ್ಸ್ ಮುಟ್ಟಲಿಲ್ಲ.

ಈಗ ನಾನೇ ಪಿಎಚ್‌ಡಿ ಮುಗಿಸಿ ಒಂದು ಗುಂಪಿನಲ್ಲಿ ಕೆಲಸ ಮಾಡ್ತೀನಿ. ಬೇಸಿಗೆ ಹತ್ತಿರ ಬಂದರೆ ನನಗೂ ಅಂಥ ಮೇಲ್‌ಗಳು ಬರ್ತವೆ. ಈ ಕಡೆ ಕೂತ ಮೇಲೆ ಗೊತ್ತಾಗಿದ್ದು ಏನಂದ್ರೆ, ನಾವು ಕುತೂಹಲ ಇದೆಯಾ ಅಂತ ಹುಡುಕೋದಿಲ್ಲ. ಅದು ಇದ್ದೇ ಇರುತ್ತೆ, ಇಲ್ಲದಿದ್ದರೆ ಯಾರು ಬರೀತಾರೆ? ಈ ಹುಡುಗ ಅಥವಾ ಹುಡುಗಿ ಒಂದು ಸಣ್ಣ ಕೆಲಸ ಹಿಡಿದರೆ ಮುಗಿಸುತ್ತಾ ಅನ್ನೋದನ್ನು ಮಾತ್ರ ನೋಡ್ತೀವಿ. ಅದಕ್ಕೆ ಗುರುತು ಬೇಕು. ಆ ಗುರುತು ತಯಾರು ಮಾಡೋಕೆ ಐಐಎಸ್‌ಸಿ ಗೇಟೂ ಬೇಕಿಲ್ಲ, ಒಳ್ಳೆ ಲ್ಯಾಬೂ ಬೇಕಿಲ್ಲ.

ಒಂದು ಉದಾಹರಣೆ ಕೊಡ್ತೀನಿ, ಮನೆ ತಾರಸಿಯಲ್ಲೇ ಆಗುವಂಥದ್ದು. ಅಲ್ಗೋಲ್ ಅಂತ ಒಂದು ನಕ್ಷತ್ರ ಇದೆ, ಪರ್ಸಿಯಸ್ ನಕ್ಷತ್ರಪುಂಜದಲ್ಲಿ. ಡಿಸೆಂಬರ್ ಸಂಜೆ ಹೊತ್ತಿಗೆ ಚೆನ್ನಾಗಿ ಕಾಣುತ್ತೆ, ದುರ್ಬೀನು ಬೇಕಿಲ್ಲ. ಅದು ನಿಜಕ್ಕೂ ಒಂದನ್ನೊಂದು ಸುತ್ತುವ ಜೋಡಿ. ಮಂಕಾದದ್ದು ಹೊಳೆಯುವುದಕ್ಕೆ ಅಡ್ಡ ಬಂದಾಗಲೆಲ್ಲ ಬೆಳಕು ಇಳಿಯುತ್ತೆ. ಸುಮಾರು 2.87 ದಿನಕ್ಕೊಮ್ಮೆ ಹೀಗಾಗುತ್ತೆ. ನೀವು ಎರಡು ತಿಂಗಳು, ಮೋಡ ಇಲ್ಲದ ರಾತ್ರಿಯೆಲ್ಲ, ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಅದರ ಹೊಳಪನ್ನು ಅಂದಾಜು ಮಾಡಿ ಬರೆದಿಡಿ. ಆಮೇಲೆ ಎಲ್ಲ ಅಂಕಿಗಳನ್ನೂ 2.87 ದಿನದ ಒಂದೇ ಪಟ್ಟಿಯ ಮೇಲೆ ಮಡಚಿ ಹಾಕಿ. ಸೀರೆ ಮಡಿಕೆ ಹಾಕಿದ ಹಾಗೆ ಒಂದರ ಮೇಲೊಂದು. ಮಡಿಕೆಯ ಅಳತೆ ಸರಿ ಇದ್ದರೆ ಬೆಳಕು ಇಳಿಯುವ ಜಾಗ ಎಲ್ಲ ಮಡಿಕೆಯಲ್ಲೂ ಒಂದೇ ಕಡೆ ಬಂದು ಕೂರುತ್ತೆ. ತಪ್ಪಿದ್ದರೆ ಕಲಸಿಹೋಗುತ್ತೆ. 2.87ರ ಬದಲು 2.8 ಹಾಕಿ ನೋಡಿ, 2.9 ಹಾಕಿ ನೋಡಿ. ಎಷ್ಟು ತಪ್ಪಿದರೆ ಎಷ್ಟು ಕಲಸುತ್ತೆ ಅಂತ ಬರೆಯಿರಿ. ಮೂರು ಪುಟ, ಎರಡು ಗ್ರಾಫ್. ಇದು ಹೊಸ ಸಂಶೋಧನೆ ಅಲ್ಲವೇ ಅಲ್ಲ, ಶತಮಾನಗಳಿಂದ ಗೊತ್ತಿರೋ ವಿಷಯ. ಆದರೆ ಆ ಮೂರು ಪುಟ ನನ್ನ ಮೇಜಿಗೆ ಬಂದರೆ ನಾನು ಅಂಕಪಟ್ಟಿ ಕೇಳಲ್ಲ.

ಆಕಾಶ ಇಷ್ಟ ಇಲ್ಲವಾ? ಜಿನೀವಾದ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನವರು ತಮ್ಮ ಪ್ರಯೋಗದ ಡೇಟಾವನ್ನು ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿದ್ದಾರೆ. ಅದರಿಂದ ಮ್ಯುಯಾನ್ ಅನ್ನೋ ಕಣಗಳ ಜೋಡಿಗಳನ್ನು ತೆಗೆದು, ಎರಡರ ಶಕ್ತಿ ಮತ್ತು ಸಂವೇಗದಿಂದ ಪ್ರತಿ ಜೋಡಿಯ ದ್ರವ್ಯರಾಶಿ ಲೆಕ್ಕ ಹಾಕಿ ಗ್ರಾಫ್ ಎಳೆದರೆ 91 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ ಜ಼ೆಡ್ ಕಣದ ಗುಡ್ಡ ಎದ್ದು ನಿಲ್ಲುತ್ತೆ. ಹಳೇ ಲ್ಯಾಪ್‌ಟಾಪ್ ಸಾಕು. ಪೈಥಾನ್ ಬರದಿದ್ದರೆ ಈ ನೆಪದಲ್ಲೇ ಕಲಿಯಿರಿ. ಸುಮ್ನೆ ಪೈಥಾನ್ ಕೋರ್ಸ್ ಅಂತ ಕೂತರೆ ಮೂರನೇ ವಾರಕ್ಕೆ ಬಿಟ್ಟುಬಿಡ್ತೀರಿ.

ಇನ್ನು ನಿಮ್ಮ ಕಾಲೇಜಿನ ಲ್ಯಾಬ್. ಸ್ಪೆಕ್ಟ್ರೋಮೀಟರ್ ಇದೆ ತಾನೇ? ಪ್ರಿಸಂ ಕೋನ ಅಳೆಯೋ ಪ್ರಯೋಗ ಮಾಡಿರ್ತೀರಿ, ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ರೀಡಿಂಗನ್ನೂ ಬರೆದಿರ್ತೀರಿ (ನಾನಂತೂ ಬರೆದಿದ್ದೆ). ಸಿ.ವಿ. ರಾಮನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಓದುವಾಗ ಮಾಡುತ್ತಿದ್ದದ್ದೂ ಅದೇ ಪ್ರಯೋಗ. ಬೆಳಕು ಪ್ರಿಸಂನ ಮುಖಕ್ಕೆ ತುಂಬ ಓರೆಯಾಗಿ ಬಿದ್ದಾಗ ಕಾಣುವ ಪಟ್ಟಿಗಳು ಎರಡೂ ಕಡೆ ಒಂದೇ ಥರ ಇಲ್ಲ ಅನ್ನೋದು ಅವರ ಕಣ್ಣಿಗೆ ಬಿತ್ತು. ಉಳಿದವರು ರೀಡಿಂಗ್ ಬರೆದು ಎದ್ದು ಹೋಗುವ ಜಾಗದಲ್ಲಿ ಅವರು ನಿಂತರು. ಅದೇ ಅವರ ಮೊದಲ ಪೇಪರ್ ಆಗಿ 1906ರಲ್ಲಿ 'ಫಿಲಾಸಫಿಕಲ್ ಮ್ಯಾಗಜಿನ್'ನಲ್ಲಿ ಅಚ್ಚಾಯಿತು. ಆಗ ಅವರಿಗೆ ಹದಿನೆಂಟರ ಆಸುಪಾಸು. ನೀವೂ ರಾಮನ್ ಆಗ್ತೀರಿ ಅಂತ ಹೇಳ್ತಿಲ್ಲ. ಮುಂದಿನ ಸಲ ರೀಡಿಂಗ್ ಪುಸ್ತಕದ ಹಾಗೆ ಬರದಿದ್ದರೆ ಅದನ್ನು ಅಳಿಸಬೇಡಿ, ಯಾಕೆ ಬರಲಿಲ್ಲ ಅಂತ ಒಂದು ಸಂಜೆ ಕೂತು ನೋಡಿ. ಅಟೆಂಡರ್ ಅಣ್ಣನ ಹತ್ತಿರ ಚೆನ್ನಾಗಿದ್ದರೆ ಸಂಜೆ ಒಂದು ಗಂಟೆ ಹೊತ್ತು ಲ್ಯಾಬ್ ಬೀಗದ ಕೈ ಸಿಗುತ್ತೆ. ಇದು ಅನುಭವದ ಮಾತು.

ನನ್ನ ಕಥೆಗೆ ಬರ್ತೀನಿ. ಆ ಮೇಡಂ ಉತ್ತರ ಓದಿ ಅವರ ಒಂದು ಪೇಪರ್ ಇಳಿಸಿಕೊಂಡೆ. ಆರ್‌ಕೈವ್ ಅನ್ನೋ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತೆ, ದುಡ್ಡಿಲ್ಲ. ಹನ್ನೆರಡು ಪುಟದಲ್ಲಿ ನನಗೆ ಅರ್ಥ ಆಗಿದ್ದು ಒಂದೂವರೆ ಪುಟ. ಮೂರನೇ ಚಿತ್ರದಲ್ಲಿದ್ದ ಗ್ರಾಫನ್ನು ನಾನೇ ಬರೆಯೋಕೆ ಆಗುತ್ತಾ ಅಂತ ಹಟ ಹಿಡಿದೆ. ಐದು ವಾರ ಆಯಿತು. ಕೊನೆಗೂ ಗೆರೆ ಹೊಂದಿತು, ಆದರೆ ಒಂದು ತುದಿಯಲ್ಲಿ ಮಾತ್ರ ನನ್ನದು ಮೇಲೆ ಹೋಗ್ತಿತ್ತು. ಅವರಿಗೆ ಎರಡನೇ ಮೇಲ್ ಬರೆದೆ. ಆರೇ ಸಾಲು. ನಿಮ್ಮ ಈ ಪೇಪರಿನ ಈ ಚಿತ್ರವನ್ನು ಮತ್ತೆ ಮಾಡಿ ನೋಡಿದೆ, ನನ್ನ ಗ್ರಾಫ್ ಇಲ್ಲಿದೆ, ಬಲ ತುದಿಯಲ್ಲಿ ಯಾಕೆ ತಪ್ಪಿದೆ ಗೊತ್ತಾಗಲಿಲ್ಲ, ಬೇಸಿಗೆ ರಜೆಯಲ್ಲಿ ಎರಡು ತಿಂಗಳು ನಿಮ್ಮ ಹತ್ತಿರ ಕೆಲಸ ಕಲಿಯಬಹುದಾ? ಮೂರನೇ ದಿನ ಉತ್ತರ ಬಂತು. ಯೂನಿಟ್ ಬದಲಿಸುವಾಗ ನಾನು ತಪ್ಪು ಮಾಡಿದ್ದೆ ಅಂತ. ಕೊನೆಯಲ್ಲಿ, ಮೇ ಮೊದಲ ವಾರ ಬಾ ಅಂತ.

ಮೇಲ್ ಹೇಗಿರಬೇಕು ಅನ್ನೋದಕ್ಕೆ ನನ್ನ ಉತ್ತರ ಇಷ್ಟೇ. ಅರವತ್ತು ಬೇಡ, ಐದು ಸಾಕು. ಒಂದೊಂದಕ್ಕೂ ಎರಡು ವಾರದ ಓದು. ಇಂಗ್ಲಿಷ್ ತಪ್ಪಿದ್ದರೂ ಪರವಾಗಿಲ್ಲ, ನನ್ನದರಲ್ಲೂ ಎರಡು ಕಡೆ ತಪ್ಪಿತ್ತು. ಯಂತ್ರದ ಹತ್ತಿರ ಬರೆಸಿದ ನಯವಾದ ಇಂಗ್ಲಿಷ್ ಮೊದಲ ಸಾಲಿನಲ್ಲೇ ಗೊತ್ತಾಗುತ್ತೆ, ಬೇಸರವೂ ಆಗುತ್ತೆ. ಹತ್ತು ದಿನ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೆ ಬಿಡಿ, ಅವರ ಮೇಲೆ ಕೋಪ ಇಟ್ಟುಕೊಳ್ಳಬೇಡಿ.

ಆ ಬೇಸಿಗೆಯಲ್ಲಿ ನಾನು ಏನು ಮಾಡಿದೆ ಅಂತ ಹೇಳ್ತೀನಿ. ಯಾಕಂದ್ರೆ ರಿಸರ್ಚ್ ಅಂದರೆ ಏನು ಅನ್ನೋದರ ಬಗ್ಗೆ ನಿಮಗಿರುವ ಚಿತ್ರ ನನಗೂ ಇತ್ತು: ಕಪ್ಪು ಹಲಗೆ, ಸಮೀಕರಣ, ಕಾಫಿ. ನನಗೆ ಕೊಟ್ಟದ್ದು ಒಂದು ಪೆನ್‌ಡ್ರೈವ್. ಅದರಲ್ಲಿ ರೇಡಿಯೋ ದೂರದರ್ಶಕದ ಸುಮಾರು ಇಪ್ಪತ್ತು ನಿಮಿಷದ ಡೇಟಾ. ಒಳಗೆ ಒಂದು ಪಲ್ಸಾರ್ (ಗಿರಗಿರ ಸುತ್ತುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಇದೆ, ಅದರ ಅವಧಿ ಕಂಡುಹಿಡಿ ಅಂದರು. ಮೊದಲ ಎರಡು ವಾರ ಫೈಲ್ ಓದೋದರಲ್ಲೇ ಹೋಯಿತು. ಬೈಟುಗಳನ್ನು ಹಿಂದುಮುಂದಾಗಿ ಓದ್ತಿದ್ದೆ, ಬರೀ ಕಸ ಬರ್ತಿತ್ತು. ಮೂರನೇ ವಾರ ಡೇಟಾದಲ್ಲಿ ಯಾವ ಯಾವ ಆವರ್ತನ ಅಡಗಿದೆ ಅಂತ ಬಿಡಿಸಿ ನೋಡಿದೆ. 50 ಹರ್ಟ್ಸ್‌ನಲ್ಲಿ ತೆಂಗಿನಮರದ ಹಾಗೆ ಒಂದು ಗೆರೆ! 100ರಲ್ಲಿ ಇನ್ನೊಂದು, 150ರಲ್ಲಿ ಮತ್ತೊಂದು. ಸೆಕೆಂಡಿಗೆ ಐವತ್ತು ಸುತ್ತು ಸುತ್ತುವ ನಕ್ಷತ್ರ ಸಿಕ್ಕಿತು ಅಂತ ಮೇಡಂ ರೂಮಿಗೆ ಓಡಿದೆ.

ಅವರು ಗ್ರಾಫ್ ನೋಡಿದರು. ಗೋಡೆಯ ಕಡೆ ಕೈ ತೋರಿಸಿ, 'ನಿನ್ನ ಪಲ್ಸಾರ್ ಆ ಪ್ಲಗ್ಗಿನೊಳಗಿದೆ' ಅಂದರು.

ನಮ್ಮ ಮನೆಗಳಿಗೆ ಬರೋ ಕರೆಂಟು 50 ಹರ್ಟ್ಸ್ ಅಂತ ಪಿಯುಸಿಯಲ್ಲೇ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ಅದರ ಸದ್ದೇ ಡೇಟಾದೊಳಗೆ ಸೇರಿಕೊಂಡಿದೆ ಅನ್ನೋದು ಆ ಹೊತ್ತಿಗೆ ಮಾತ್ರ ತಲೆಗೆ ಬರಲಿಲ್ಲ. ನಿಜವಾದ ಪಲ್ಸಾರ್ ಅದೇ ಗ್ರಾಫಿನಲ್ಲಿ 11.2 ಹರ್ಟ್ಸ್ ಹತ್ತಿರ ಸಣ್ಣಗೆ ಕೂತಿತ್ತು. ವೇಲಾ ಪಲ್ಸಾರ್ ಅದು, 89 ಮಿಲಿಸೆಕೆಂಡಿಗೆ ಒಂದು ಸುತ್ತು. ನಾನು ಅದನ್ನು ನೋಡಿಯೂ ನೋಡಿರಲಿಲ್ಲ.

ಕೆಲಸ ನಿಜವಾಗಿ ಶುರುವಾದದ್ದು ಇಲ್ಲಿಂದ. ಎರಡೂ ಗೆರೆಗಳನ್ನು ಹಿಗ್ಗಿಸಿ ನೋಡು ಅಂದರು ಮೇಡಂ. 11.2ರದ್ದು ಸೂಜಿಯ ಹಾಗೆ ಚೂಪು. 50ರದ್ದು ಊದಿಕೊಂಡಿತ್ತು. ಯಾಕೆ ಅಂದ್ರೆ ಕರೆಂಟು ಯಾವಾಗಲೂ ಸರಿಯಾಗಿ 50ರಲ್ಲಿ ಇರಲ್ಲ. ನಮ್ಮ ದೇಶದ ಗ್ರಿಡ್ಡನ್ನು 49.90ರಿಂದ 50.05ರ ಒಳಗೆ ಇಡಬೇಕು ಅನ್ನೋದು ನಿಯಮ, ಆ ಮಿತಿಯೊಳಗೆ ಅದು ಬೇಡಿಕೆಗೆ ತಕ್ಕ ಹಾಗೆ ಆಚೀಚೆ ಓಲಾಡುತ್ತಿರುತ್ತೆ. ಪಲ್ಸಾರ್ ಹಾಗಲ್ಲ, ಅದು ಗಡಿಯಾರ. ಆಗಲೇ ಹೇಳಿದ ಮಡಿಕೆ ಲೆಕ್ಕ ಇಲ್ಲಿಗೂ ಬರುತ್ತೆ. ಇಪ್ಪತ್ತು ನಿಮಿಷದ ಡೇಟಾವನ್ನು 89 ಮಿಲಿಸೆಕೆಂಡಿನ ಸರಿಯಾದ ಅಳತೆಗೆ ಮಡಚಿದರೆ ಮಿಡಿತ ಎದ್ದು ನಿಲ್ಲುತ್ತೆ. 20 ಮಿಲಿಸೆಕೆಂಡಿಗೆ ಮಡಚಿದರೆ ಕರೆಂಟಿನ ಮಿಡಿತ ಕಲಸಿಹೋಗುತ್ತೆ. ಉಳಿದ ಐದು ವಾರ ನಾನು ಮಾಡಿದ್ದು ಇದೊಂದೇ: ಬೇರೆ ಬೇರೆ ದಿನದ ಡೇಟಾದಲ್ಲಿ ಆ 50ರ ಗೆರೆ ಹೇಗೆ ಓಲಾಡುತ್ತೆ ಅಂತ ಹಿಂಬಾಲಿಸಿ, ಅದನ್ನು ತೆಗೆದುಹಾಕುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಬರೀ ಕಸ ಗುಡಿಸುವ ಕೆಲಸ. ನನ್ನ ನಂತರ ಬಂದ ಹುಡುಗರು ಅದನ್ನು ಒಂದೆರಡು ವರ್ಷ ಬಳಸಿದರು. ಪೇಪರಿನಲ್ಲಿ ನನ್ನ ಹೆಸರು ಬರಲಿಲ್ಲ, ಕೃತಜ್ಞತೆಯ ಸಾಲಿನಲ್ಲಿ ಬಂತು. ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ, ಒಳ್ಳೇದೇ ಆಯಿತು.

(ನನ್ನ ಪೆದ್ದುತನಕ್ಕೆ ಒಂದು ಸಮಾಧಾನ: 1967ರಲ್ಲಿ ಕೇಂಬ್ರಿಡ್ಜ್‌ನ ಪಿಎಚ್‌ಡಿ ವಿದ್ಯಾರ್ಥಿನಿ ಜೋಸಲಿನ್ ಬೆಲ್ ಮೊಟ್ಟಮೊದಲ ಪಲ್ಸಾರ್ ಹಿಡಿದಾಗ, ಅದು ಮನುಷ್ಯರ ಯಾವುದೋ ಯಂತ್ರದ ಸದ್ದು ಇರಬೇಕು ಅನ್ನೋ ಅನುಮಾನ ಅವರ ಗುಂಪಿಗೂ ಇತ್ತು. ಅವರು ಪಲ್ಸಾರನ್ನು ಯಂತ್ರ ಅಂದುಕೊಂಡರು, ನಾನು ಯಂತ್ರವನ್ನು ಪಲ್ಸಾರ್ ಅಂದುಕೊಂಡೆ.)

ಈಗ ಅರ್ಜಿಗಳ ವಿಷಯ, ಬೇಗ ಹೇಳಿ ಮುಗಿಸ್ತೀನಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ಇದೆ, ಅದರಲ್ಲಿ ಒಂದು ಅಕಾಡೆಮಿ ಬೆಂಗಳೂರಿನದ್ದೇ. ಎರಡು ತಿಂಗಳ ಕೆಲಸ, ಸ್ಟೈಪೆಂಡ್ ಕೊಡ್ತಾರೆ. ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಹಾಕಬೇಕು. ಬೇಸಿಗೆಗೆ ಬೇಸಿಗೆಯಲ್ಲೇ ಹುಡುಕುವವರು ಇಲ್ಲೇ ಎಡವೋದು. ಯಾಕೆ ಬೇಕು ಅಂತ ಒಂದು ಬರಹವನ್ನೂ ಕೇಳ್ತಾರೆ, ಆ ಅಲ್ಗೋಲ್ ಮೂರು ಪುಟ ಅಲ್ಲಿ ಕೆಲಸಕ್ಕೆ ಬರುತ್ತೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಎಲ್ಲ ಕಡೆಯೂ ವಿದ್ಯಾರ್ಥಿಗಳಿಗೆ ಯೋಜನೆಗಳಿವೆ. ಅವರವರ ಜಾಲತಾಣದಲ್ಲೇ ತಾರೀಕು ನೋಡಿಕೊಳ್ಳಿ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ನಿಯಸ್ ಶಿಬಿರ ನಿಮ್ಮಂಥ ಡಿಗ್ರಿ ಮಕ್ಕಳಿಗೇ ಅಂತ ಇರೋದು, ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಿಮಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಬರ್ತಿದ್ದರೆ, ವರ್ಷದ 80,000ದಲ್ಲಿ 20,000 ಇರೋದೇ ಬೇಸಿಗೆ ಪ್ರಾಜೆಕ್ಟ್‌ಗೆ. ಬೆಂಗಳೂರಿನಲ್ಲೇ ಓದುವ ಗೆಳೆಯರಿದ್ದರೆ ಡಿಗ್ರಿ ಮಕ್ಕಳನ್ನು ರಿಸರ್ಚ್‌ಗೆ ತಯಾರು ಮಾಡುವ ನೆಹರು ತಾರಾಲಯದ ರೀಪ್ ತರಗತಿಗಳ ಬಗ್ಗೆ ಹೇಳಿ.

7.4ಕ್ಕೆ ಸಿಗುತ್ತಾ? ಅಂಕ ನೋಡಿ ಸೋಸುವ ಕಡೆ ಕಷ್ಟ, ಸುಳ್ಳು ಹೇಳಲ್ಲ. ನೇರವಾಗಿ ಗೈಡ್ ಜೊತೆ ಮಾತಾಡಿ ಹೋಗುವ ಕಡೆ ಅದು ಅಷ್ಟು ಅಡ್ಡ ಬರಲ್ಲ. ನನ್ನದು 7.1 ಇತ್ತು.

ಎರಡು ಕಡೆ ಹುಷಾರಾಗಿರಿ. ದುಡ್ಡು ಕೇಳುವ ಇಂಟರ್ನ್‌ಶಿಪ್ ರಿಸರ್ಚ್ ಅಲ್ಲ, ಅದು ಸರ್ಟಿಫಿಕೇಟ್ ಅಂಗಡಿ. ಮೂರು ಸಾವಿರ ಕಟ್ಟಿದರೆ ವಾರದಲ್ಲಿ 'ಇಂಟರ್‌ನ್ಯಾಷನಲ್ ಜರ್ನಲ್'ನಲ್ಲಿ ಹಾಕ್ತೀವಿ ಅನ್ನೋರೂ ಅಷ್ಟೇ. ನನ್ನ ಪರಿಚಯದ ಒಬ್ಬ ಹುಡುಗ ಅಂಥ ನಾಲ್ಕು ಪೇಪರ್ ಹಾಕಿಸಿದ್ದ. ಪಿಎಚ್‌ಡಿ ಸಂದರ್ಶನದಲ್ಲಿ ಒಂದೊಂದರ ಮೇಲೂ ಪ್ರಶ್ನೆ ಬಂತು, ಪಾಪ ಬೆವತುಹೋದ. ಇನ್ನೊಂದು, ಎರಡನೇ ವರ್ಷಕ್ಕೇ ಸ್ಟ್ರಿಂಗ್ ಥಿಯರಿ, ಕ್ವಾಂಟಂ ಗ್ರಾವಿಟಿ ಬೇಕು ಅಂತ ಹಟ ಬೇಡ. ಅಲ್ಲಿ ನಿಮಗೆ ಸಿಗೋದು ಓದುವ ಪ್ರಾಜೆಕ್ಟ್. ಓದು ಒಳ್ಳೇದೇ, ಆದರೆ ಅದನ್ನು ಮನೆಯಲ್ಲೇ ಕೂತು ಮಾಡಬಹುದು ಅಲ್ವಾ?

ಕೊನೆಯದು ಮನೆಯವರ ವಿಷಯ. 'ದುಡ್ಡೂ ಬರಲ್ಲ, ಡಿಗ್ರಿಯೂ ಅಲ್ಲ, ಎರಡು ತಿಂಗಳು ಯಾಕೆ ಹೋಗಬೇಕು' ಅಂತ ನಮ್ಮ ಅಪ್ಪನೂ ಕೇಳಿದ್ದರು. ಪಲ್ಸಾರ್ ಬಗ್ಗೆ ವಿವರಿಸೋಕೆ ಹೋಗಿ ಕೆಲಸ ಕೆಟ್ಟಿತು. ಕಡೆಗೆ ಮೇಡಂಗೆ ನಾಚಿಕೆ ಬಿಟ್ಟು ಬರೆದೆ, ಮನೆಯಲ್ಲಿ ತೋರಿಸೋಕೆ ಒಂದು ಪತ್ರ ಬೇಕು ಅಂತ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ, ಇರೋದಕ್ಕೆ ಹಾಸ್ಟೆಲ್ ಇದೆ, ಊಟ ಕ್ಯಾಂಟೀನಿನಲ್ಲಿ, ನನ್ನ ಫೋನ್ ನಂಬರ್ ಇದು, ಅಂತ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಸೀಲ್ ಹಾಕಿ ಕಳಿಸಿದರು. ನೀವೂ ಕೇಳಿ, ಯಾರೂ ಬೇಜಾರು ಮಾಡ್ಕೊಳಲ್ಲ. ಅಪ್ಪ ಅದನ್ನು ಎರಡು ಸಲ ಓದಿದರು, ಆಮೇಲೆ ಏನೂ ಮಾತಾಡದೆ ಮಡಚಿ ಎಲ್‌ಐಸಿ ಬಾಂಡ್ ಇಡುವ ಫೈಲಿಗೆ ಹಾಕಿದರು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಸೀಟು ಹಿಡಿಯಲು ಅವರೇ ಬಂದಿದ್ದರು.