ಭಯ ಹೋದಮೇಲೆ ಶುರುಮಾಡ್ತೀನಿ ಅಂತ ಕೂರಬೇಡಿ

ಹವಾಮಾನದ ಸುದ್ದಿ ಓದಿ ರಾತ್ರಿ ನಿದ್ದೆ ಬರಲ್ಲ, ಏನಾದರೂ ಮಾಡೋಣ ಅಂದರೆ ಉತ್ಸಾಹ ಇಲ್ಲ, ಮೊದಲು ಈ ಭಯ ಕಳೆಯೋದು ಹೇಗೆ ಅಂತ ಕೇಳಿದ್ದೀರಿ. ಇದನ್ನು ನಾನೇ ಬರೆದು ಮರೆತಿದ್ದೇನಾ ಅನ್ನಿಸಿತು.

2018ರ ಅಕ್ಟೋಬರಿನಲ್ಲಿ ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ, ಒಂದು ವರದಿ ತಂತು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದಕ್ಕಿಂತ ಭೂಮಿಯ ಬಿಸಿ ಏರೋದು 1.5 ಡಿಗ್ರಿಗೆ ನಿಲ್ಲಬೇಕಾದರೆ ಜಗತ್ತು ಉಗುಳುವ ಕಾರ್ಬನ್ ಡೈಆಕ್ಸೈಡ್ 2030ರೊಳಗೆ, 2010ರಲ್ಲಿ ಇದ್ದದ್ದಕ್ಕಿಂತ ಸುಮಾರು ಶೇ. 45ರಷ್ಟು ಇಳಿಯಬೇಕು ಅಂತ ಅದರಲ್ಲಿತ್ತು. 'ಇನ್ನು 12 ವರ್ಷ ಅಷ್ಟೇ' ಅಂತ ಸುದ್ದಿಯಾಯಿತು. ನನ್ನಿಂದ ಎಷ್ಟು ಕಾರ್ಬನ್ ಅಂತ ಲೆಕ್ಕ ಇಡೋಕೆ ನಾನು ಅವತ್ತೇ ಒಂದು ಎಕ್ಸೆಲ್ ಶೀಟ್ ಮಾಡಿದೆ. ಬಿಸಿನೀರು ಎಷ್ಟು ನಿಮಿಷ, ಲಿಫ್ಟ್ ಎಷ್ಟು ಸಲ, ಫೋನ್ ಚಾರ್ಜ್ ಎಷ್ಟು ಸಲ, ಎಲ್ಲಕ್ಕೂ ಒಂದೊಂದು ಸಾಲು. ತಿಂಗಳ ಮೊತ್ತ ಜಾಸ್ತಿ ಬಂದರೆ ಎರಡು ದಿನ ಯಾರ ಜೊತೆಗೂ ಮಾತಿಲ್ಲ.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ ತಂಗಿ ಫೋನ್ ಮಾಡಿ, ಮಗು ಕರ್ಕೊಂಡು ಬರ್ತಿದ್ದೀನಿ, ವಿಮಾನದ ಟಿಕೆಟ್ ಆಯ್ತು ಅಂದಳು. ಮಗು ಹೇಗಿದೆ ಅಂತ ಕೇಳಬೇಕಾದವನು ನಾನು, "ಹೋಗಿ ಬರೋಕೆ ಅರ್ಧ ಟನ್ ಕಾರ್ಬನ್ ಕಣೇ, ಗೊತ್ತಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ ಬಿಡಣ್ಣ" ಅಂದಳು. ಟಿಕೆಟ್ ಕ್ಯಾನ್ಸಲ್. ಆ ಮಗು ಎದ್ದು ನಿಂತಿದ್ದನ್ನು ನಾನು ನೋಡಿದ್ದು ಇನ್ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ.

ತಪ್ಪು ಎಲ್ಲಾಯ್ತು ಅಂತ ಎಷ್ಟು ಸಲ ಯೋಚಿಸಿದ್ದೀನೋ. ಲೆಕ್ಕ ಸರಿಯಾಗೇ ಇತ್ತು. ಲೆಕ್ಕವನ್ನೇ ಕೆಲಸ ಅಂದುಕೊಂಡಿದ್ದು ತಪ್ಪು. ಶೀಟ್ ತುಂಬಿಸಿದ ರಾತ್ರಿ ಏನೋ ಸಾಧಿಸಿದ ಹಾಗೆ ಮಲಗುತ್ತಿದ್ದೆ, ಆದರೆ ನನ್ನ ಶೀಟಿನಿಂದ ಆಚೆ ಒಂದು ಬಲ್ಬೂ ಆರಿರಲಿಲ್ಲ. ಕಲ್ಲಿದ್ದಲು, ತೈಲ, ಅನಿಲದಿಂದ ಜಗತ್ತು ವರ್ಷಕ್ಕೆ ಬಿಡೋ ಕಾರ್ಬನ್ ಡೈಆಕ್ಸೈಡ್ 3,700 ಕೋಟಿ ಟನ್ನಿಗೂ ಹೆಚ್ಚು. ಅದರ ಸಿಟ್ಟು ತೀರಿಸಿಕೊಳ್ಳೋಕೆ ನನಗೆ ಸಿಕ್ಕಿದ್ದು ಎಳೆ ಕೂಸಿನ ತಾಯಿ. ಯಾಕಂದ್ರೆ ನನ್ನ ಫೋನ್ ಎತ್ತುತ್ತಿದ್ದವಳು ಅವಳು, ತೈಲ ಕಂಪನಿ ಎತ್ತುತ್ತಾ? (ಅಂದಹಾಗೆ, 'ಕಾರ್ಬನ್ ಫುಟ್‌ಪ್ರಿಂಟ್' ಅನ್ನೋ, ಅಂದರೆ ಒಬ್ಬೊಬ್ಬರು ಎಷ್ಟು ಕಾರ್ಬನ್ ಬಿಡ್ತಾರೆ ಅನ್ನೋ ಲೆಕ್ಕದ ಮಾತನ್ನು 2000ದ ದಶಕದಲ್ಲಿ ಜಾಹೀರಾತು ಕೊಟ್ಟು ಜನರ ಬಾಯಿಗೆ ಹಾಕಿದ್ದು ಬಿಪಿ ಅನ್ನೋ ತೈಲ ಕಂಪನಿಯೇ. ನಾನು ನಾಲ್ಕು ವರ್ಷ ಅವರ ಪಾಠ ಒಪ್ಪಿಸಿದ್ದೆ.)

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತೀನಿ. ನನಗೆ ಭಯ ಇನ್ನೂ ಇದೆ. 2024ರ ಇಡೀ ವರ್ಷದ ಸರಾಸರಿ ಏರಿಕೆ ಆ 1.5 ಡಿಗ್ರಿ ದಾಟಿತು ಅಂತ ಓದಿದಾಗ ಹೊಟ್ಟೆ ಕಿವುಚಿತು. ಉತ್ಸಾಹವಂತೂ ಯಾವತ್ತೂ ಬರಲಿಲ್ಲ. ಬೇಕಿರೋದು ವಾರಕ್ಕೊಂದು ಗೊತ್ತಾದ ಹೊತ್ತು, ಮತ್ತೆ "ಯಾಕೆ ಬರಲಿಲ್ಲ?" ಅಂತ ಕೇಳೋ ಇಬ್ಬರು. ವಾರಗಟ್ಟಲೆ ನಿದ್ದೆಯೇ ಇಲ್ಲ ಅಂದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ, ಅದು ಬೇರೆ ವಿಷಯ.

ನನ್ನದು ಆಫೀಸ್ ಕಟ್ಟಡದ ಕರೆಂಟ್ ಮೀಟರ್. ಶುಕ್ರವಾರ ಸಂಜೆ ಏಳಕ್ಕೊಂದು ರೀಡಿಂಗ್, ಸೋಮವಾರ ಬೆಳಿಗ್ಗೆ ಎಂಟಕ್ಕೊಂದು. ಒಬ್ಬಳು ಗಾಜಿನ ಧೂಳು ಒರೆಸುತ್ತಾಳೆ, ಇನ್ನೊಬ್ಬ ಟಾರ್ಚ್ ಹಿಡಿಯುತ್ತಾನೆ, ಬರೆದುಕೊಳ್ಳೋದು ನಾನು. ಒಬ್ಬರೂ ಇಲ್ಲದ ಕಟ್ಟಡ ಎರಡೂವರೆ ದಿನದಲ್ಲಿ ಎಷ್ಟು ಯೂನಿಟ್ ನುಂಗುತ್ತೆ ಅಂತ ಏಳು ವಾರ ಬರೆದು ಮ್ಯಾನೇಜರ್ ಮುಂದೆ ಇಟ್ಟೆವು. ಎಸಿಗೆ ಟೈಮರ್ ಬಂತು. ಮುಂದಿನ ಸೋಮವಾರ ಅಂಕಿ ಅರ್ಧಕ್ಕಿಂತ ಕೆಳಗೆ! ಟಾರ್ಚಿನವನು ನಂಬದೆ ಇನ್ನೊಂದು ಸಲ ಓದಿದ.

ಎಕ್ಸೆಲ್ ಶೀಟ್ ಅಳಿಸಿದೆ ಅಂತ ತಂಗಿಗೆ ಮೆಸೇಜ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು, "ಹಾಗಾದ್ರೆ ನೀನೇ ಬಾ. ರೈಲಲ್ಲಿ." ಟಿಕೆಟ್ ಮಾಡಿಸಿದ್ದೀನಿ. ಆ ಶುಕ್ರವಾರದ ರೀಡಿಂಗ್ ಟಾರ್ಚಿನವನೇ ಬರ್ಕೊಳ್ತಾನಂತೆ.