ಸೊಂಟದ ನೋವಿಗೆ ಡ್ರೈ ನೀಡ್ಲಿಂಗ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಐದು ತಿಂಗಳಿಂದ ಬಲ ಸೊಂಟದಲ್ಲಿ ನೋವು, ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಫಿಸಿಯೋಥೆರಪಿಸ್ಟ್ ಡ್ರೈ ನೀಡ್ಲಿಂಗ್ ಮಾಡೋಣ ಎನ್ನುತ್ತಾರೆ. ಇದು ಅಕ್ಯುಪಂಕ್ಚರ್ ತಾನೇ? ಇದರಿಂದ ಗುಣವಾಗುತ್ತದೆಯೇ?

ಉತ್ತರ: ಸೂಜಿ ಒಂದೇ ಬಗೆಯದು, ಚುಚ್ಚುವ ಲೆಕ್ಕ ಬೇರೆ. ಅಕ್ಯುಪಂಕ್ಚರ್ ಚೀನೀ ವೈದ್ಯದ ಶಕ್ತಿಮಾರ್ಗಗಳನ್ನು ಅನುಸರಿಸುತ್ತದೆ. ಡ್ರೈ ನೀಡ್ಲಿಂಗ್‌ನಲ್ಲಿ ಹುಡುಕುವುದು ಸ್ನಾಯುವಿನೊಳಗೆ ಹುರಿಯಂತೆ ಬಿಗಿದ ಎಳೆಯನ್ನು, ಅದರಲ್ಲಿ ಒತ್ತಿದರೆ ನೋಯುವ ಗಂಟನ್ನು. ಸೂಜಿಯಲ್ಲಿ ಔಷಧ ಇರುವುದಿಲ್ಲ, ಅದಕ್ಕೇ ‘ಡ್ರೈ’. ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟಾಗ ನೋವು ಇಳಿಯುವುದರಲ್ಲಿ ಮದ್ದಿನದ್ದಲ್ಲದೆ ಸೂಜಿಯದ್ದೂ ಪಾಲಿದೆ ಎಂದು ಜೆಕ್ ವೈದ್ಯ ಕ್ಯಾರೆಲ್ ಲೆವಿಟ್ 1979ರಲ್ಲಿ ಬರೆದ ಮೇಲೆ ಈ ಕ್ರಮಕ್ಕೆ ಬಲ ಬಂತು.

ಗುಣವಾಗುತ್ತದೆಯೇ ಎಂಬುದು ನೋವು ಎಲ್ಲಿಯದು ಎನ್ನುವುದರ ಮೇಲೆ ನಿಂತಿದೆ. ಕನ್ನಡದಲ್ಲಿ ಬೆನ್ನಿನ ಕೆಳಭಾಗವೂ ಸೊಂಟ, ತೊಡೆ ಕೂಡುವ ಕೀಲೂ ಸೊಂಟ, ಪಕ್ಕದ ಮೂಳೆಯೂ ಸೊಂಟ. ಹಾಗಾಗಿ ಮಾತಿಗಿಂತ ಬೆರಳು ವಾಸಿ: ಒಂದೇ ಬೆರಳಿನಿಂದ ನೋವಿನ ಜಾಗ ಮುಟ್ಟಿ ತೋರಿಸಿ. ಬೆರಳು ತೊಡೆಸಂದಿಗೆ ಹೋದರೆ, ಬಗ್ಗಿ ಸಾಕ್ಸ್ ಹಾಕಿಕೊಳ್ಳಲು ಕಷ್ಟವಾದರೆ, ಮೊದಲ ಅನುಮಾನ ಕೀಲಿನ ಸವೆತದ ಮೇಲೆ. ಪೃಷ್ಠದ ನಡುಭಾಗಕ್ಕೆ ಹೋಗಿ ನೋವು ಕಾಲಿಗೂ ಇಳಿಯುತ್ತಿದ್ದರೆ ಬೆನ್ನುಮೂಳೆ, ಅಲ್ಲಿಂದ ಕಾಲಿಗೆ ಇಳಿಯುವ ಸಯಾಟಿಕ್ ನರ ಎರಡನ್ನೂ ಪರೀಕ್ಷಿಸಬೇಕು. ಗ್ಲೂಟಿಯಸ್ ಮಿನಿಮಸ್ ಎಂಬ ಪೃಷ್ಠದ ಒಳಸ್ನಾಯುವಿನ ಗಂಟು ಕೂಡ ತೊಡೆಯ ಹೊರಬದಿಯಿಂದ ಮೀನಖಂಡದವರೆಗೆ ನೋವು ಹರಿಸಿ ಆ ನರದ ನೋವಾದ ಸಯಾಟಿಕಾದಂತೆ ನಟಿಸುತ್ತದೆ, ಇಲ್ಲಿ ಎಡವುವವರು ಬಹಳ. ಬೆರಳು ಪಕ್ಕದ ಮೂಳೆಯ ಉಬ್ಬಿನ ಮೇಲೆ ನಿಂತರೆ, ಮಗ್ಗುಲಾದಾಗ ನೋವು ಹೆಚ್ಚಾದರೆ, ಅಲ್ಲಿಗೆ ಅಂಟಿಕೊಳ್ಳುವ ಗ್ಲೂಟಿಯಸ್ ಮೀಡಿಯಸ್, ಮಿನಿಮಸ್‌ಗಳ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ನೊಂದಿರುವ ಸಂಭವ ಹೆಚ್ಚು. ನೀವು ಬರೆದಿರುವುದು ಇದನ್ನೇ ಹೋಲುತ್ತದೆ.

ಈ ಹೊರಬದಿಯ ನೋವಿನಲ್ಲಿ 6 ವಾರಗಳ ಹೊತ್ತಿಗೆ ಡ್ರೈ ನೀಡ್ಲಿಂಗ್ ಸ್ಟಿರಾಯ್ಡ್ ಇಂಜೆಕ್ಷನ್‌ಗೆ ಸರಿಗಟ್ಟಿತೆಂದು 2017ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದು ತೋರಿಸಿದೆ. ಸೂಜಿ ಸ್ನಾಯುವಿನ ಬಿಗಿತ ಸಡಿಲಿಸಿ ಕೆಲವು ದಿನ ನೋವು ತಗ್ಗಿಸುತ್ತದೆ. ರಜ್ಜುವಿಗೆ ಬಲ ತುಂಬುವ ಕೆಲಸ ಅದರದ್ದಲ್ಲ.

ಪ್ರಶ್ನೆ: ಹೇಗೆ ಮಾಡುತ್ತಾರೆ? ಎಷ್ಟು ನೋಯುತ್ತದೆ?

ಉತ್ತರ: ನೋವಿರುವ ಬದಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬಿಡುತ್ತಾರೆ. ತಲೆ ಸುತ್ತಿ ಬೀಳುವವರಿರುವುದರಿಂದ ಕೂರಿಸಿ, ನಿಲ್ಲಿಸಿ ಮಾಡುವುದು ಸರಿಯಲ್ಲ. ಬೆರಳುಗಳನ್ನು ಸ್ನಾಯುವಿಗೆ ಅಡ್ಡವಾಗಿ ತೀಡಿ ಬಿಗಿ ಎಳೆಯನ್ನು ಹಿಡಿಯುತ್ತಾರೆ. ಒತ್ತಿದಾಗ ‘ನನಗೆ ನೋಯುವುದು ಇದೇ’ ಎಂದು ನಿಮಗೆ ಅನ್ನಿಸಬೇಕು. ಬರೀ ‘ಅಲ್ಲೂ ನೋಯುತ್ತದೆ’ ಎನ್ನುವಷ್ಟಾದರೆ ಆ ಜಾಗ ಬಿಟ್ಟುಬಿಡುವುದೇ ಮೇಲು.

ಸ್ಪಿರಿಟ್ ಒರೆಸಿ, ಅದು ಆರಿದ ಮೇಲೆ ಪ್ಲಾಸ್ಟಿಕ್ ಕೊಳವೆಯೊಳಗಿಂದ ಸೂಜಿಯನ್ನು ತಟ್ಟಿ ಇಳಿಸುತ್ತಾರೆ. ದಪ್ಪ 0.25ರಿಂದ 0.30 ಮಿಲಿಮೀಟರ್, ರಕ್ತ ತೆಗೆಯುವ ಸಾಮಾನ್ಯ ಸೂಜಿ ಸುಮಾರು 0.8 ಇರುತ್ತದೆ. ಗ್ಲೂಟಿಯಸ್ ಮೀಡಿಯಸ್‌ಗೆ 50–60 ಮಿಲಿಮೀಟರ್ ಉದ್ದದ ಸೂಜಿ ಬೇಕು, ಅದರಡಿಯ ಮಿನಿಮಸ್‌ಗೆ 75ರದ್ದೂ ಬೇಕಾಗಬಹುದು. ಕೊಬ್ಬಿನ ಪದರ ದಪ್ಪವಿರುವವರಿಗೆ 40ರ ಸೂಜಿ ಬಳಸಿದರೆ ತುದಿ ಸ್ನಾಯುವನ್ನೇ ಮುಟ್ಟದೆ ಉಳಿಯುತ್ತದೆ, ಆಮೇಲೆ ‘ಸೂಜಿಯಿಂದ ಏನೂ ಆಗಲಿಲ್ಲ’ ಎಂಬ ದೂರು ಬರುತ್ತದೆ.

ತುದಿ ಗಂಟಿಗೆ ತಗುಲಿದಾಗ ಸ್ನಾಯು ಪಟಕ್ಕನೆ ಅದುರುತ್ತದೆ, ಒಳಗೆ ಹಿಂಡಿದಂತೆ ಆಳವಾದ ನೋವು ಒಂದೆರಡು ಕ್ಷಣ ಬರುತ್ತದೆ. ಅದುರದಿದ್ದರೆ ಚಿಕಿತ್ಸೆ ಕೆಟ್ಟಿತೆಂದಲ್ಲ, ಅದುರಿಸಲೆಂದೇ ಕೆದಕುತ್ತಾ ಹೋಗುವುದು ತಪ್ಪು. ಮೊದಲ ದಿನಕ್ಕೆ 2–3 ಜಾಗ ಸಾಕು. ಹತ್ತು ಕಡೆ ಚುಚ್ಚಿಸಿಕೊಂಡವರು ಮರುದಿನ ಮೆಟ್ಟಿಲು ಹತ್ತಲಾರದೆ ವ್ಯಾಯಾಮವನ್ನೇ ಬಿಡುತ್ತಾರೆ. ತೆಗೆದ ಕೂಡಲೇ ಹತ್ತಿಯಿಂದ ಒಂದು ನಿಮಿಷ ಒತ್ತಿ ಹಿಡಿದರೆ ನೀಲಿಗಟ್ಟುವುದು ಕಡಿಮೆ. 1–2 ದಿನ ಮೈಕೈ ನೋವಿನಂಥ ನೋವು ಸಹಜ, ಬಿಸಿ ಶಾಖ, ನಿಧಾನ ನಡಿಗೆ ಸಾಕು.

ಪ್ರಶ್ನೆ: ಸೂಜಿ ಇಳಿಸಿದಾಗ ಪಾದದವರೆಗೆ ಶಾಕ್ ಹೊಡೆದ ಹಾಗಾಯಿತು. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ. ಮುಂದುವರಿಸಬಹುದೇ?

ಉತ್ತರ: ಆ ಶಾಕ್ ನರ ಮುಟ್ಟಿದ ಗುರುತು. ಸಯಾಟಿಕ್ ನರ ಸಾಮಾನ್ಯವಾಗಿ ಪೃಷ್ಠದ ಆಳದ ಪಿರಿಫಾರ್ಮಿಸ್ ಸ್ನಾಯುವಿನ ಅಡಿಯಿಂದ ಹೊರಬಂದು, ಪಕ್ಕದ ಮೂಳೆಯ ಉಬ್ಬಿಗೂ ಕೂರುವ ಮೂಳೆಗೂ ನಡುವೆ ಇಳಿಯುತ್ತದೆ. ಶಾಕ್ ಹೊಡೆದ ತಕ್ಷಣ ಬಾಯಿಬಿಟ್ಟು ಹೇಳಿ, ಸೂಜಿ ಹಿಂದಕ್ಕೆ ಬರಲೇಬೇಕು. ಸಹಿಸಿಕೊಂಡು ಸುಮ್ಮನಿರಬೇಡಿ. ಜೋಮು ಉಳಿದರೆ, ಪಾದ ಎತ್ತಲು ಬಲ ಸಾಲದಿದ್ದರೆ, ಅಂದೇ ವೈದ್ಯರಿಗೆ ತೋರಿಸಿ.

ಮಾತ್ರೆಯ ವಿಷಯ ಇನ್ನೂ ಮುಖ್ಯ. ಪೃಷ್ಠದ ಆಳದಲ್ಲಿ ರಕ್ತ ಸೋರಿದರೆ ಮೇಲಿಂದ ಒತ್ತಿ ನಿಲ್ಲಿಸುವುದು ಕಷ್ಟ. ಮಾತ್ರೆ ಬರೆದುಕೊಟ್ಟ ವೈದ್ಯರ ಒಪ್ಪಿಗೆ ಇಲ್ಲದೆ ಆಳದ ಸೂಜಿ ಬೇಡ, ಇದಕ್ಕಾಗಿ ಮಾತ್ರೆಯನ್ನು ನೀವೇ ನಿಲ್ಲಿಸುವುದಂತೂ ಬೇಡವೇ ಬೇಡ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು, ಸೊಂಟದ ಕೀಲು ಬದಲಿಸಿಕೊಂಡವರು ಮೊದಲೇ ತಿಳಿಸಬೇಕು. ಸೂಜಿ ನಿಮ್ಮೆದುರೇ ಬಿಚ್ಚಿದ ಹೊಸದಾಗಿರಲಿ. ಹಾಕಿದಷ್ಟನ್ನೂ ತೆಗೆದರೇ ಎಂದು ಎಣಿಸುವ ಅಭ್ಯಾಸ ಅವರಿಗಿರಬೇಕು.

ಪ್ರಶ್ನೆ: ಪ್ರತಿ ಸಲವೂ ನಾಲ್ಕು ದಿನ ಹಾಯಾಗಿರುತ್ತದೆ, ಐದನೇ ದಿನ ಪಕ್ಕದ ನೋವು ಮರಳುತ್ತದೆ. ದಿನವೂ ಸ್ಟ್ರೆಚ್ ಮಾಡುತ್ತಿದ್ದೇನೆ. ಇನ್ನೆಷ್ಟು ಸಲ ಮಾಡಿಸಬೇಕು?

ಉತ್ತರ: ಸೂಜಿ ತನ್ನ ಕೆಲಸ ಮಾಡಿದೆ. ಆ ನಾಲ್ಕು ದಿನವನ್ನು ಹೇಗೆ ಬಳಸಿದಿರಿ ಎಂಬುದೇ ನಮ್ಮ ಪ್ರಶ್ನೆ. ಮೊಣಕಾಲನ್ನು ಇನ್ನೊಂದು ಬದಿಯ ಭುಜದತ್ತ ಎಳೆಯುವ ಸ್ಟ್ರೆಚ್ ನಿಮ್ಮದಾಗಿದ್ದರೆ ಇಂದೇ ನಿಲ್ಲಿಸಿ. ಅದು ನೊಂದ ರಜ್ಜುವನ್ನು ಮೂಳೆಯ ಉಬ್ಬಿಗೆ ಒತ್ತಿ ಹಿಂಡುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂರುವುದೂ, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಸೊಂಟ ಓರೆಮಾಡಿ ನಿಲ್ಲುವುದೂ ಹಾಗೆಯೇ.

ಬದಲಿಗೆ ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಿಸಿ, ತೊಡೆಗಳಿಗೆ ಬೆಲ್ಟ್ ಸುತ್ತಿ ಅದನ್ನು ಹೊರಕ್ಕೆ ಮೆಲ್ಲಗೆ ತಳ್ಳಿ ಹಿಡಿಯಿರಿ: 10–15 ಸೆಕೆಂಡಿನಂತೆ 5 ಸಲ, ದಿನಕ್ಕೆರಡು ಹೊತ್ತು. ಪೂರ್ತಿ ಬಲ ಹಾಕಬೇಡಿ. ವಾರದ ನಂತರ ಸೊಂಟ ಎತ್ತುವ ಬ್ರಿಡ್ಜ್, ಆಮೇಲೆ ನಿಂತು ಪಕ್ಕಕ್ಕೆ ಹೆಜ್ಜೆ. 10ರಲ್ಲಿ 3ರಷ್ಟು ನೋವು ಬಂದರೆ ಪರವಾಗಿಲ್ಲ. ಆ ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಅರ್ಧಕ್ಕೆ ಇಳಿಸಿ. ರಜ್ಜು ಬಲಗೊಳ್ಳಲು 8–12 ವಾರ ಹಿಡಿಯುತ್ತದೆ. ಇದೇ ನೋವಿನ 204 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ತಿಳಿವಳಿಕೆ ಮತ್ತು ವ್ಯಾಯಾಮ ಸೇರಿದಾಗ 8 ವಾರದಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್‌ಗಿಂತ ಹೆಚ್ಚು ಜನ ಸುಧಾರಿಸಿದರು.

ವಾರಕ್ಕೊಂದರಂತೆ 3 ಸಲ ಮಾಡಿಸಿ ನಡಿಗೆ, ನಿದ್ದೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ನಾಲ್ಕನೆಯದಕ್ಕೆ ಹೋಗದೆ ಮತ್ತೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಕೀಲು ಸವೆದಿದೆ ಎಂದು ಎಕ್ಸ್‌ರೇಯಲ್ಲಿ ಬಂದಿದೆ. ನನಗೂ ಸೂಜಿ ಆಗುತ್ತದೆಯೇ?

ಉತ್ತರ: ಸುತ್ತಲಿನ ಸ್ನಾಯುಗಳ ಬಿಗಿತ ಇಳಿದು ಸ್ವಲ್ಪ ಕಾಲ ನಡಿಗೆ ಹಗುರವಾಗಬಹುದು, ಸವೆದ ಮೃದ್ವಸ್ಥಿ (ಕೀಲಿನ ಮೂಳೆಗಳ ಮೇಲಿನ ನುಣುಪು ಹೊದಿಕೆ) ಮರಳಿ ಬೆಳೆಯುವುದಿಲ್ಲ. ಜ್ವರ, ಕಾರಣವಿಲ್ಲದೆ ಇಳಿದ ತೂಕ, ಬಿದ್ದ ಮೇಲೆ ಕಾಲೂರಲಾಗದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಶುರುವಾದ ನೋವು, ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ತಿಂದವರಲ್ಲಿ ತೊಡೆಸಂದಿನ ನೋವು, ಇವುಗಳಲ್ಲಿ ಯಾವುದಿದ್ದರೂ ಸೂಜಿಯ ಮಾತು ಬದಿಗಿಟ್ಟು ಮೊದಲು ಮೂಳೆ ವೈದ್ಯರನ್ನು ಕಾಣಿ.